ನಾಲ್ಕು ಕ್ರೆಡಿಟ್ ಕಡಿಮೆ ಬೀಳದಿರಲು: ಅಂತಾರಾಷ್ಟ್ರೀಯ ಸಂಬಂಧದಲ್ಲಿ ಎಂಎ ಮಾಡುವವರಿಗೆ

ಎಂಎ ಕೊನೆಯ ಸೆಮಿಸ್ಟರಿನಲ್ಲಿ ಪರೀಕ್ಷಾ ವಿಭಾಗದ ಕಿಟಕಿಗೆ ಹೋಗಿದ್ದೆ. ಒಳಗಿದ್ದವರು ನನ್ನ ಹಾಳೆ ತಿರುವಿ ನೋಡಿ, ಡಿಗ್ರಿಗೆ ನಾಲ್ಕು ಕ್ರೆಡಿಟ್ ಕಡಿಮೆ ಇದೆ ಎಂದರು. ಕ್ರೆಡಿಟ್ ಎಂದರೆ ಪಾಸಾದ ಪ್ರತಿ ಕೋರ್ಸಿಗೂ ಸಿಗುವ ಲೆಕ್ಕ, ಅದು ಇಷ್ಟು ಕೂಡಿದರೇ ಡಿಗ್ರಿ. ನಾನು ನಕ್ಕೆ. ಅವರೇ ಕೂಡಿಸುವಾಗ ತಪ್ಪಿದ್ದಾರೆ ಅಂದುಕೊಂಡೆ.

ತಪ್ಪಿದ್ದು ನಾನು. ಎರಡನೇ ಸೆಮಿಸ್ಟರಿನಲ್ಲಿ ಬೇರೆ ವಿಭಾಗದಿಂದ ಅರೇಬಿಕ್ ತೆಗೆದುಕೊಂಡಿದ್ದೆ. ಕಾಸರಗೋಡಿನವಳಿಗೆ ಅರೇಬಿಕ್ ಬೇಡವಾ? ನಮ್ಮಲ್ಲಿ ಎಷ್ಟೋ ಮನೆಗಳಿಗೆ ತಾರಸಿ ಬಂದದ್ದೇ ದುಬೈ ದುಡ್ಡಿನಿಂದ. ತೆಗೆದುಕೊಳ್ಳಬಹುದಾ ಎಂದು ಅಡ್ವೈಸರನ್ನು, ಅಂದರೆ ಕೋರ್ಸ್ ಆರಿಸಲು ಸಹಾಯ ಮಾಡುವ ಮೇಷ್ಟ್ರನ್ನು, ಕೇಳಿದ್ದೆ. ತುಂಬಾ ಒಳ್ಳೆಯದು, ತಗೊಳ್ಳಿ ಎಂದಿದ್ದರು. ಕಲಿತೆ, ಪಾಸೂ ಆದೆ. ಆದರೆ ಅದು ಸರ್ಟಿಫಿಕೇಟ್ ಮಟ್ಟದ ಕೋರ್ಸ್, ಎಂಎ ಲೆಕ್ಕಕ್ಕೆ ಸೇರುವಂಥದ್ದಲ್ಲ. ಇನ್ನೊಂದು ಸೆಮಿಸ್ಟರ್ ಕೂತೆ, ಇನ್ನೊಂದು ಸಲ ಹಾಸ್ಟೆಲ್ ಫೀಸು ಕಟ್ಟಿದೆ.

ಅಡ್ವೈಸರ್ ಸುಳ್ಳು ಹೇಳಿರಲಿಲ್ಲ. ಒಳ್ಳೆಯದಾ ಎಂಬ ಅರ್ಥದಲ್ಲಿ ನಾನು ಕೇಳಿದ್ದೆ, ಒಳ್ಳೆಯದು ಎಂದರು. "ಇದು ನನ್ನ ಡಿಗ್ರಿ ಲೆಕ್ಕಕ್ಕೆ ಸೇರುತ್ತದಾ? ಯಾವ ಕಾಲಂನಲ್ಲಿ?" ಎಂದು ಕೇಳಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಈಗ ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿ "ಅಕ್ಕಾ, ಐಆರ್‌ಗೆ (ಅಂತಾರಾಷ್ಟ್ರೀಯ ಸಂಬಂಧಕ್ಕೆ) ಸೇರುತ್ತಿದ್ದೇನೆ, ಎಂತ ಮಾಡ್ಬೇಕು?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಸೇರುವ ಮೊದಲು: ಡಿಗ್ರಿಯ ಹೆಸರು ನೋಡಿ

ನಮ್ಮ ಜಿಲ್ಲೆಯಲ್ಲೇ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. 2009ರಲ್ಲಿ ಶುರುವಾದದ್ದು. ಅಲ್ಲಿ ಅಂತಾರಾಷ್ಟ್ರೀಯ ಸಂಬಂಧ ಮತ್ತು ರಾಜಕೀಯದ ವಿಭಾಗವೇ ಉಂಟು. ಕೊಟ್ಟಾಯಂನ ಮಹಾತ್ಮಾ ಗಾಂಧಿ ವಿಶ್ವವಿದ್ಯಾಲಯ, ಮಣಿಪಾಲ, ದೆಹಲಿಯ ಜೆಎನ್‌ಯು, ಸೌತ್ ಏಷ್ಯನ್ ಯೂನಿವರ್ಸಿಟಿಗಳಲ್ಲೂ ಈ ವಿಷಯ ಕಲಿಸುತ್ತಾರೆ. ಆದರೆ ಎಲ್ಲ ಕಡೆ ಡಿಗ್ರಿಯ ಹೆಸರು ಒಂದೇ ಅಲ್ಲ. ಒಂದು ಕಡೆ ಹೆಸರಿನಲ್ಲಿ ರಾಜ್ಯಶಾಸ್ತ್ರ ಇರುತ್ತದೆ, ಇನ್ನೊಂದು ಕಡೆ ಬರೀ ಅಂತಾರಾಷ್ಟ್ರೀಯ ಸಂಬಂಧ.

ಇದು ಸಣ್ಣ ವಿಷಯ ಅನ್ನಿಸುತ್ತದೆ ಅಲ್ವಾ? ನಾಳೆ ಲೆಕ್ಚರರ್ ಕೆಲಸಕ್ಕೆ ಅರ್ಜಿ ಹಾಕುವಾಗ "ಎಂಎ ರಾಜ್ಯಶಾಸ್ತ್ರ" ಎಂದು ಕೇಳಿರುತ್ತಾರೆ. ನಿಮ್ಮ ಸರ್ಟಿಫಿಕೇಟಿನಲ್ಲಿ ಆ ಪದ ಇಲ್ಲದಿದ್ದರೆ ಎರಡೂ ಡಿಗ್ರಿ ಸಮ ಎನ್ನುವ ತತ್ಸಮಾನ ಪತ್ರ ತನ್ನಿ ಎನ್ನುವುದುಂಟು. ಊರಿನ ಕಾಲೇಜಿನಲ್ಲೇ ಪಾಠ ಮಾಡಬೇಕು ಎಂಬ ಆಸೆ ಇದ್ದವರು ಸೇರುವ ಮೊದಲೇ ವಿಭಾಗಕ್ಕೆ ಬರೆದು ಕೇಳಿ. ಲೆಕ್ಚರರ್ ಆಗಲು ಬರೆಯುವ ಯುಜಿಸಿ (ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ) ನೆಟ್ ಪರೀಕ್ಷೆಯಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ರಾಜ್ಯಶಾಸ್ತ್ರವೂ ಇದೆ, ಅಂತಾರಾಷ್ಟ್ರೀಯ ಮತ್ತು ಪ್ರಾದೇಶಿಕ ಅಧ್ಯಯನ ಎಂಬ ಬೇರೆ ವಿಷಯವೂ ಇದೆ.

ಕಾಗದ ಪತ್ರದ ಮಾತು ಎರಡೇ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮಾಡಿದವರು ಬೇರೆ ಕಡೆ ಸೇರುವಾಗ ಮೈಗ್ರೇಶನ್ ಸರ್ಟಿಫಿಕೇಟ್ ಬೇಕಾಗುತ್ತದೆ, ಮೊದಲೇ ಅರ್ಜಿ ಹಾಕಿಡಿ. ಒಬಿಸಿಯವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರದ ನಮೂನೆಯ ನಾನ್ ಕ್ರೀಮಿಲೇಯರ್ ಸರ್ಟಿಫಿಕೇಟ್ ಬೇಕು. ರಾಜ್ಯದ ನಮೂನೆ ನಡೆಯುವುದಿಲ್ಲ. ಅಕ್ಷಯ ಕೇಂದ್ರದಲ್ಲಿ (ಕೇರಳದಲ್ಲಿ ಸರಕಾರಿ ಅರ್ಜಿ ಹಾಕಿಸುವ ಕಡೆ) ಅರ್ಜಿ ಹಾಕುವಾಗಲೇ "ಸೆಂಟ್ರಲ್" ಎಂದು ಗಟ್ಟಿಯಾಗಿ ಹೇಳಿ. ನಮ್ಮ ಜಾತಿಯ ಹೆಸರು ಕರ್ನಾಟಕದ ಪಟ್ಟಿಯಲ್ಲಿ ಉಂಟಲ್ಲ ಎಂದರೂ ಪ್ರಯೋಜನವಿಲ್ಲ. ನಾವು ಕೇರಳದ ನಿವಾಸಿಗಳು, ಕೇಂದ್ರದ ಪಟ್ಟಿಯಲ್ಲಿ ಕೇರಳದ ಭಾಗದಲ್ಲಿ ಅದು ಇರಬೇಕು.

ಮೊದಲ ಎರಡು ವಾರ: ನಿಮ್ಮ ಬ್ಯಾಚಿನ ನಿಯಮ ಪುಸ್ತಕ

ಸಿಲೆಬಸ್ ಬೇರೆ, ರೆಗ್ಯುಲೇಶನ್ ಬೇರೆ. ಸಿಲೆಬಸ್ ಏನು ಓದಬೇಕು ಎಂದು ಹೇಳುತ್ತದೆ. ಎಷ್ಟು ಓದಿದರೆ ಡಿಗ್ರಿ ಸಿಗುತ್ತದೆ, ಯಾವಾಗ ಸಿಗುವುದಿಲ್ಲ ಎನ್ನುವುದು ರೆಗ್ಯುಲೇಶನ್‌ನಲ್ಲಿ ಇರುತ್ತದೆ. ನಾವು ಎಲ್ಲರೂ ಮೊದಲನೆಯದನ್ನು ಡೌನ್‌ಲೋಡ್ ಮಾಡುತ್ತೇವೆ, ಎರಡನೆಯದನ್ನು ಸೀನಿಯರ್ ಬಾಯಲ್ಲಿ ಕೇಳುತ್ತೇವೆ. ಸೀನಿಯರ್ ಹೇಳಿದ್ದು ಅವರ ಬ್ಯಾಚಿಗೆ ಸರಿ. ಸಾಮಾನ್ಯವಾಗಿ ನೀವು ಸೇರಿದ ವರ್ಷದ ನಿಯಮವೇ ನಿಮಗೆ ಕೊನೆಯವರೆಗೆ. ಆ ಪಿಡಿಎಫ್ ಉಳಿಸಿಕೊಳ್ಳಿ. ವೆಬ್‌ಸೈಟಿನಲ್ಲಿ ಮುಂದಿನ ವರ್ಷ ಹೊಸದು ಬರುತ್ತದೆ, ಹಳೆಯದು ಮಾಯವಾಗುತ್ತದೆ.

ನಿಯಮ ಬದಲಾಗುತ್ತಲೂ ಇದೆ. ಯುಜಿಸಿಯ 2024ರ ಪಿಜಿ ಚೌಕಟ್ಟಿನ ಪ್ರಕಾರ ನಾಲ್ಕು ವರ್ಷದ ಡಿಗ್ರಿ ಮಾಡಿದವರು ಒಂದೇ ವರ್ಷದಲ್ಲಿ ಎಂಎ ಮುಗಿಸಬಹುದು. ಮೂರು ವರ್ಷದವರಿಗೆ ಎರಡು ವರ್ಷ. ಎರಡು ವರ್ಷದ ಎಂಎಯಲ್ಲಿ ಮೊದಲ ವರ್ಷಕ್ಕೇ ಬಿಟ್ಟರೆ ಪಿಜಿ ಡಿಪ್ಲೊಮಾ. ನಿಮ್ಮ ವಿಶ್ವವಿದ್ಯಾಲಯ ಇದನ್ನು ಜಾರಿಗೆ ತಂದಿದೆಯಾ ಎಂದು ನೋಡಿಕೊಳ್ಳಿ.

ಆಮೇಲೆ ಒಂದು ಹಾಳೆ ಮಾಡಿ. ಅಪ್ಪ ಅಡಿಕೆ ಮಾರಿದ ಲೆಕ್ಕ ಬರೆಯುವ ಉದ್ದ ಪುಸ್ತಕ ನಮ್ಮ ಮನೆಯಲ್ಲಿ ಈಗಲೂ ಇದೆ. ಕೊಟ್ಟದ್ದು, ಬಂದದ್ದು, ಬಾಕಿ ಎಂದು ಮೂರು ಗೆರೆ. ನನ್ನ ಎಂಎ ಲೆಕ್ಕವನ್ನೂ ಹಾಗೆಯೇ ಬರೆದಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ನಿಮ್ಮ ಹಾಳೆಯಲ್ಲಿ ಕೋರ್ (ಕಡ್ಡಾಯ ಪೇಪರ್), ಇಲೆಕ್ಟಿವ್ (ನೀವೇ ಆರಿಸುವ ಪೇಪರ್), ಬೇರೆ ವಿಭಾಗದ ಇಲೆಕ್ಟಿವ್, ಡಿಸರ್ಟೇಶನ್ (ಸಂಶೋಧನೆ ಮಾಡಿ ಬರೆಯುವ ಪ್ರಬಂಧ) ಎಂದು ಗೆರೆ ಎಳೆಯಿರಿ. ಪ್ರತಿಯೊಂದರಲ್ಲಿ ಎಷ್ಟು ಕ್ರೆಡಿಟ್ ಬೇಕು, ಎಷ್ಟು ಆಗಿದೆ, ಎಷ್ಟು ಬಾಕಿ ಬರೆಯಿರಿ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40 ಕ್ರೆಡಿಟ್ ಎಂಬ ಲೆಕ್ಕ ಇದೆ, ಆದರೆ ನಿಮ್ಮ ಪುಸ್ತಕದಲ್ಲಿ ಇರುವ ಸಂಖ್ಯೆಯನ್ನೇ ಹಾಕಿ. ಒಟ್ಟು ಮೊತ್ತ ಸರಿ ಬಂದರೆ ಸಾಲದು. ಒಂದು ಕಾಲಂನಲ್ಲಿ ಜಾಸ್ತಿ ಆದದ್ದು ಇನ್ನೊಂದರ ಬಾಕಿಯನ್ನು ತುಂಬುವುದಿಲ್ಲ.

ಕೇಂದ್ರ ಸರಕಾರದ "ಸ್ವಯಂ" ಪೋರ್ಟಲಿನ ಆನ್‌ಲೈನ್ ಕೋರ್ಸ್ ಮಾಡುವವರಿಗೆ ಇಲ್ಲೇ ಒಂದು ಮಾತು. 2021ರ ಯುಜಿಸಿ ನಿಯಮದಲ್ಲಿ ಒಂದು ಸೆಮಿಸ್ಟರಿನ 40 ಶೇಕಡಾದವರೆಗೆ ಸ್ವಯಂ ಮೂಲಕ ಮಾಡಲು ಅವಕಾಶ ಇದೆ. ಆದರೆ ಯಾವ ಕೋರ್ಸ್ ಎಂದು ಒಪ್ಪುವುದು ನಿಮ್ಮ ವಿಶ್ವವಿದ್ಯಾಲಯ. ಮೊದಲು ಒಪ್ಪಿಗೆ, ಆಮೇಲೆ ನೋಂದಣಿ. ಕೋರ್ಸ್ ಮುಗಿಸಿ ಬಂದು "ಇದನ್ನು ಸೇರಿಸಿಕೊಳ್ಳಿ" ಎಂದರೆ ನನ್ನ ಅರೇಬಿಕ್ ಕಥೆಯೇ ಆಗುತ್ತದೆ.

ಅಡ್ವೈಸರ್ ಹತ್ತಿರ ಹೋಗುವಾಗ

ಯಾರು ಏನು ಎಂದು ಮೊದಲು ತಿಳಿದುಕೊಳ್ಳಿ. ಫ್ಯಾಕಲ್ಟಿ ಅಡ್ವೈಸರ್ ಅಥವಾ ಮೆಂಟರ್ ಕೋರ್ಸ್ ಆರಿಸಲು ಸಹಾಯ ಮಾಡುತ್ತಾರೆ. ಡಿಸರ್ಟೇಶನ್ ಗೈಡ್ ಬೇರೆಯವರಿರಬಹುದು. ವಿನಾಯಿತಿಯ ಕಾಗದಕ್ಕೆ ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರ, ಸಹಿ ಬೇಕು. ಲೆಕ್ಕ ಸರಿ ಇದೆಯಾ ಎಂದು ಕೊನೆಗೆ ನೋಡುವುದು ಪರೀಕ್ಷಾ ವಿಭಾಗ. ಮೊದಲ ಮೂವರೂ "ಆಗ್ತದೆ" ಎಂದದ್ದು ನಾಲ್ಕನೆಯ ಕಡೆ ಆಗದೆ ಹೋಗಬಹುದು. ಮೇಷ್ಟ್ರುಗಳಿಗೆ ಎಲ್ಲ ನಿಯಮ ಬಾಯಿಪಾಠ ಇರಬೇಕು ಎಂದು ನಾವು ನಂಬುತ್ತೇವೆ. ಇರುವುದಿಲ್ಲ. ಅವರಿಗೆ ಪಾಠ ಇದೆ, ಪೇಪರ್ ತಿದ್ದಲು ಇದೆ, ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ.

ಬರಿಗೈಯಲ್ಲಿ ಹೋಗಬೇಡಿ. ಹಾಳೆ ಹಿಡಿದು ಹೋಗಿ. "ಸರ್, ಯಾವ ಇಲೆಕ್ಟಿವ್ ತಗೊಳ್ಳಲಿ?" ಎಂಬ ಪ್ರಶ್ನೆಗೆ ಸಿಗುವ ಉತ್ತರ ಅವರ ಇಷ್ಟದ ವಿಷಯವೇ ಆಗಿರುತ್ತದೆ. "ಮೇಡಂ, ನನಗೆ ವ್ಯಾಪಾರ ನೀತಿಯಲ್ಲಿ ಡಿಸರ್ಟೇಶನ್ ಮಾಡಬೇಕು. ಈ ಎರಡು ಇಲೆಕ್ಟಿವ್‌ಗಳಲ್ಲಿ ಯಾವುದು ಅದಕ್ಕೆ ಹೊಂದುತ್ತದೆ? ಎರಡೂ ನಾಲ್ಕು ಕ್ರೆಡಿಟ್, ಎರಡೂ ಇಲೆಕ್ಟಿವ್ ಕಾಲಂಗೆ ಸೇರುತ್ತವೆ ಅಲ್ವಾ?" ಎಂದು ಕೇಳಿ ನೋಡಿ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಅವರಿಗೂ ಖುಷಿ.

ನಮ್ಮ ಕಡೆಯವರ ಒಂದು ಕಷ್ಟ ನನಗೆ ಗೊತ್ತು. ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಂ, ಆಫೀಸುಗಳಲ್ಲಿ ಮಲಯಾಳಂ, ಕ್ಯಾಂಪಸ್ಸಿನಲ್ಲಿ ಇಂಗ್ಲಿಷ್. ಬಾಯಿ ತೆರೆಯಲು ಸಂಕೋಚ. ಹಾಗಾಗಿ ಸುಮ್ನೆ ತಲೆ ಆಡಿಸಿ ಬಂದುಬಿಡುತ್ತೇವೆ. ಪ್ರಶ್ನೆಗಳನ್ನು ಮನೆಯಲ್ಲೇ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿ, ನೋಡಿಕೊಂಡೇ ಓದಿ. ಯಾರೂ ನಗುವುದಿಲ್ಲ. ನಕ್ಕರೂ ಒಂದು ಸೆಮಿಸ್ಟರಿನ ಫೀಸಿಗಿಂತ ಅದು ಅಗ್ಗ.

ಹೊರಗೆ ಬಂದ ದಿನವೇ ಒಂದು ಇಮೇಲ್ ಹಾಕಿ. ನಾಲ್ಕು ಸಾಲು ಸಾಕು: "ಇಂದು ಭೇಟಿ ಮಾಡಿದ್ದಕ್ಕೆ ಧನ್ಯವಾದ. ನಾನು ಈ ಕೋರ್ಸನ್ನು ಬೇರೆ ವಿಭಾಗದ ಇಲೆಕ್ಟಿವ್ ಆಗಿ ತೆಗೆದುಕೊಳ್ಳುತ್ತೇನೆ, ಅದರ ನಾಲ್ಕು ಕ್ರೆಡಿಟ್ ಎಂಎಗೆ ಸೇರುತ್ತದೆ ಎಂದು ತಿಳಿದುಕೊಂಡಿದ್ದೇನೆ. ತಪ್ಪಿದ್ದರೆ ದಯವಿಟ್ಟು ತಿಳಿಸಿ." ಇದನ್ನು ಓದಿದ ಅಡ್ವೈಸರ್ ಸಂಶಯ ಇದ್ದರೆ ನಿಯಮ ತೆಗೆದು ನೋಡುತ್ತಾರೆ. ಬಾಯಿಮಾತಿಗೆ ಯಾರೂ ಹಾಗೆ ನೋಡುವುದಿಲ್ಲ.

ಹಾಜರಿ, ಗ್ರೇಡ್

ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆ ತರಗತಿ. ನಾಲ್ಕು ಕ್ರೆಡಿಟಿನ ಪೇಪರಿಗೆ 60 ಗಂಟೆ. 75 ಶೇಕಡಾ ಹಾಜರಿ ಬೇಕೆಂದರೆ 45 ಗಂಟೆ ಕೂರಲೇಬೇಕು, ಕೈಯಲ್ಲಿ ಉಳಿಯುವುದು 15 ಗಂಟೆ. ಎರಡೆರಡು ಗಂಟೆಯ ತರಗತಿ ಇದ್ದರೆ ಏಳು ದಿನ ಅಷ್ಟೆ. ಆಟಿಯ ಮಳೆಗೆ ಎರಡು ದಿನ, ರೈಲು ತಡವಾಗಿ ಒಂದು, ಮನೆಯ ಕೋಲಕ್ಕೆ ಎರಡು, ಸೋದರತ್ತೆ ಮಗಳ ಮದುವೆಗೆ ಎರಡು. ಮುಗಿಯಿತು. ಜ್ವರ ಬಂದರೆ ಕಡಿಮೆ ಬಿದ್ದ ಹಾಜರಿ ಮನ್ನಿಸಿ ಎನ್ನುವ ಕಂಡೊನೇಶನ್ ಅರ್ಜಿ, ಅದಕ್ಕೆ ಮೆಡಿಕಲ್ ಸರ್ಟಿಫಿಕೇಟ್, ಅದಕ್ಕೊಂದು ಫೀಸು, ಒಂದು ಕೊನೆಯ ದಿನ. ಅದನ್ನೂ ಎಷ್ಟು ಸಲ ಕೊಡುತ್ತಾರೆ ಎಂಬುದಕ್ಕೆ ಮಿತಿ ಇರುತ್ತದೆ.

ಗ್ರೇಡಿನ ಲೆಕ್ಕ ಸುಲಭ. ಯುಜಿಸಿಯ ಹತ್ತು ಅಂಕದ ಪದ್ಧತಿಯಲ್ಲಿ ಒ ಎಂದರೆ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6. ಪ್ರತಿ ಪೇಪರಿನ ಗ್ರೇಡ್ ಅಂಕವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿ. ಮೂರು ನಾಲ್ಕು-ಕ್ರೆಡಿಟ್ ಪೇಪರಿನಲ್ಲಿ ಬಿ ಪ್ಲಸ್, ಎಂಟು ಕ್ರೆಡಿಟಿನ ಡಿಸರ್ಟೇಶನ್‌ನಲ್ಲಿ ಎ ಪ್ಲಸ್ ಬಂದರೆ 84 ಮತ್ತು 72 ಸೇರಿ 156, ಭಾಗ 20, ಸಿಗುವುದು 7.8. ಅದೇ ಡಿಸರ್ಟೇಶನ್‌ನಲ್ಲಿ ಬಿ ಬಂದರೆ 6.6ಕ್ಕೆ ಇಳಿಯುತ್ತದೆ. ಕೊನೆಯ ತಿಂಗಳಲ್ಲಿ ಡಿಸರ್ಟೇಶನ್ ಬರೆದರಾಯಿತು ಎನ್ನುವವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ನೆಟ್‌ಗೂ ಪಿಎಚ್‌ಡಿಗೂ ಎಂಎಯಲ್ಲಿ 55 ಶೇಕಡಾ ಬೇಕು, ಮೀಸಲಾತಿ ಇದ್ದವರಿಗೆ 50. ಎಲ್ಲ ಸೆಮಿಸ್ಟರ್ ಸೇರಿದ ಇಂಥ ಸರಾಸರಿಯನ್ನು, ಅಂದರೆ ಸಿಜಿಪಿಎಯನ್ನು, ಶೇಕಡಾಕ್ಕೆ ತರುವ ಸೂತ್ರ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. 9.5ರಿಂದ ಗುಣಿಸುವುದು ಸಿಬಿಎಸ್‌ಇ ಹತ್ತನೇ ತರಗತಿಯ ಹಳೆಯ ರೂಢಿ, ಅದನ್ನು ಇಲ್ಲಿ ಹಾಕಬೇಡಿ.

ಡಿಸರ್ಟೇಶನ್: ಊರು ಸಣ್ಣದಲ್ಲ

ವಿಷಯ ಹುಡುಕುವಾಗ ಎಲ್ಲರೂ ಅಮೆರಿಕ, ಚೀನಾ ಎಂದು ಓಡುತ್ತಾರೆ. ಅಲ್ಲಿಗೆ ಹೋಗಿ ಸಂದರ್ಶನ ಮಾಡಲು ನಮ್ಮ ಹತ್ತಿರ ದುಡ್ಡಿಲ್ಲ, ಸಮಯವೂ ಇಲ್ಲ. ನಮ್ಮ ಊರಲ್ಲಿ ಬೇಕಾದಷ್ಟಿದೆ. ಇಲ್ಲಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ಕರಗದ ವಿಷ ರಾಸಾಯನಿಕಗಳ ಬಗೆಗಿನದ್ದು) ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೊದಲು ವಿರೋಧಿಸುತ್ತಿದ್ದ ಭಾರತ ಕೊನೆಗೆ ಕೆಲವು ವಿನಾಯಿತಿ ಪಡೆದು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟ್ ಮಧ್ಯಂತರ ನಿಷೇಧ ಹಾಕಿತು. ನಮ್ಮ ಪಕ್ಕದ ಗುಡ್ಡದಿಂದ ಜಿನೀವಾದವರೆಗೆ ಹೋದ ಈ ದಾರಿಯೇ ಒಂದು ಡಿಸರ್ಟೇಶನ್.

ಅಡಿಕೆ ಇನ್ನೊಂದು. 2023ರಲ್ಲಿ ಸರಕಾರ ಅಡಿಕೆಯ ಕನಿಷ್ಠ ಆಮದು ದರವನ್ನು (ಇದಕ್ಕಿಂತ ಅಗ್ಗಕ್ಕೆ ಹೊರದೇಶದಿಂದ ತರುವಂತಿಲ್ಲ ಎಂಬ ಮಿತಿ) ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದಕ್ಕೆ ಸ್ವಲ್ಪ ಮೊದಲು, 2022ರಲ್ಲಿ, ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಈ ದರದ ಕಟ್ಟಳೆ ಇಲ್ಲದೆ ತರಲು ಬಿಟ್ಟಿತ್ತು. ನೆರೆಯ ದೇಶದ ಸ್ನೇಹ ಮುಖ್ಯವಾ, ಬದಿಯಡ್ಕದ ರೈತ ಮುಖ್ಯವಾ? ಇದಕ್ಕಿಂತ ಒಳ್ಳೆಯ ನೀತಿಯ ಪ್ರಶ್ನೆ ಬೇಕಾ? ಕೊಲ್ಲಿಗೆ ಹೋಗುವವರು, 1983ರ ವಲಸೆ ಕಾಯ್ದೆ, 2022ರ ಮೇ 1ರಂದು ಜಾರಿಗೆ ಬಂದ ಭಾರತ–ಯುಎಇ ವ್ಯಾಪಾರ ಒಪ್ಪಂದ, ಹೀಗೆ ಹೇಳುತ್ತಾ ಹೋಗಬಹುದು.

ಎರಡನೇ ಸೆಮಿಸ್ಟರ್ ಮುಗಿಯುವುದರೊಳಗೆ ಒಂದು ಪುಟ ಬರೆದು ಗೈಡ್ ಆಗಬೇಕೆಂದಿರುವವರ ಮುಂದಿಡಿ. ಮೂರು ವಿಷಯ ಕೇಳಿ: ಅವರ ಕೈಯಲ್ಲಿ ಈಗ ಎಷ್ಟು ಮಂದಿ ಇದ್ದಾರೆ, ಅಧ್ಯಾಯ ಕೊಟ್ಟರೆ ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ, ಆ ವರ್ಷ ರಜೆಯ ಮೇಲೆ ಹೋಗುವವರಿದ್ದಾರಾ. ಜನರನ್ನು, ಅದರಲ್ಲೂ ರೋಗಿಗಳನ್ನು ಮಾತಾಡಿಸುವುದಿದ್ದರೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕಾ ಎಂದೂ ಕೇಳಿ. ಎಂಡೋಸಲ್ಫಾನ್ ಪೀಡಿತರ ಮನೆಗಳಿಗೆ ಈಗಾಗಲೇ ಎಷ್ಟೋ ಜನ ನೋಟ್‌ಬುಕ್ ಹಿಡಿದು ಹೋಗಿ ಬಂದಿದ್ದಾರೆ. ಮತ್ತೊಬ್ಬರಾಗಿ ಹೋಗುವ ಅಗತ್ಯ ಇದೆಯಾ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ದಾಖಲೆಗಳಿಂದಲೇ ಮಾಡಬಹುದಾದ ಕೆಲಸ ಬಹಳ ಉಂಟು.

ನಕಲಿನ ನಿಯಮ ಯುಜಿಸಿಯದ್ದು 2018ರದ್ದು. ಹೋಲಿಕೆ 10 ಶೇಕಡಾದವರೆಗೆ ಇದ್ದರೆ ಶಿಕ್ಷೆ ಇಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ತಿದ್ದಿದ ಪ್ರತಿಯನ್ನು ಒಂದು ವರ್ಷದವರೆಗೆ ಕೊಡುವ ಹಾಗೇ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಕನ್ನಡ, ಮಲಯಾಳಂ ಪತ್ರಿಕೆಯಿಂದ ಅನುವಾದ ಮಾಡಿ ಹಾಕಿದ್ದು ಸಾಫ್ಟ್‌ವೇರಿಗೆ ಸಿಗಲಿಕ್ಕಿಲ್ಲ. ಆದರೂ ಮೂಲ ಹೇಳದಿದ್ದರೆ ಅದು ನಕಲೇ. ಕೇರಳದ ಗೈಡ್‌ಗಳು ಮಲಯಾಳಂ ಪತ್ರಿಕೆ ಓದುತ್ತಾರೆ ಮಾರಾಯ್ರೆ, ಮರೆಯಬೇಡಿ.

ವಿದೇಶಕ್ಕೆ ಹೋಗುವವರು

ಮೊದಲಿಗೆ, ಕ್ರೆಡಿಟ್ ಎಂಬ ಪದ ಎಲ್ಲ ಕಡೆ ಒಂದೇ, ತೂಕ ಬೇರೆ ಬೇರೆ. ಬ್ರಿಟನ್ನಿನ ಒಂದು ವರ್ಷದ ಎಂಎ 180 ಕ್ರೆಡಿಟ್, ಅದರಲ್ಲಿ ಡಿಸರ್ಟೇಶನ್ನೇ ಸಾಮಾನ್ಯವಾಗಿ 60. ಯುರೋಪಿನಲ್ಲಿ ವರ್ಷಕ್ಕೆ 60 ಇಸಿಟಿಎಸ್ (ಅಲ್ಲಿನ ಕ್ರೆಡಿಟಿನ ಹೆಸರು), ಅಲ್ಲಿ ಒಂದು ಕ್ರೆಡಿಟ್ ಎಂದರೆ ಓದು ಬರಹ ಎಲ್ಲ ಸೇರಿ 25ರಿಂದ 30 ಗಂಟೆ ಕೆಲಸ. ಅಮೆರಿಕದಲ್ಲಿ ಒಂದು ಕೋರ್ಸ್ ಹೆಚ್ಚಾಗಿ ಮೂರು ಕ್ರೆಡಿಟ್, ಆದರೆ ಕೆಲವು ವಿಶ್ವವಿದ್ಯಾಲಯಗಳು ಸೆಮಿಸ್ಟರ್ ಬಿಟ್ಟು ಕ್ವಾರ್ಟರ್ ಪದ್ಧತಿಯಲ್ಲಿ ನಡೆಯುತ್ತವೆ. ಅಲ್ಲಿ ಹತ್ತು ವಾರಕ್ಕೆ ಪರೀಕ್ಷೆ ಬಂದುಬಿಡುತ್ತದೆ, ಕೋರ್ಸ್ ಬಿಡುವ ಕೊನೆಯ ದಿನವೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತದೆ.

ಅಮೆರಿಕದಲ್ಲಿ ಅಡ್ವೈಸರ್ ಒಬ್ಬರಲ್ಲ, ಇಬ್ಬರು ಎಂದು ತಿಳಿಯಿರಿ. ಕೋರ್ಸಿಗೆ ವಿಭಾಗದವರು, ವೀಸಾಕ್ಕೆ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಡಿಎಸ್‌ಒ. ಒಂದು ಕೋರ್ಸ್ ಕಷ್ಟವಾಗಿದೆ, ಬಿಡಲಾ ಎಂದು ವಿಭಾಗದವರನ್ನು ಕೇಳಿದರೆ, ಬಿಡಿ ಎನ್ನುತ್ತಾರೆ. ಆದರೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು ಪೂರ್ಣಾವಧಿ ಓದಲೇಬೇಕು. ಡಿಎಸ್‌ಒ ಮೊದಲೇ ಒಪ್ಪದೆ ಅದಕ್ಕಿಂತ ಕೆಳಗಿಳಿದರೆ ವೀಸಾ ಸ್ಥಿತಿಗೇ ಕುತ್ತು. ಆನ್‌ಲೈನ್ ಕೋರ್ಸ್ ಕೂಡ ಒಂದು ಟರ್ಮಿಗೆ ಒಂದೇ ಆ ಲೆಕ್ಕಕ್ಕೆ ಬರುತ್ತದೆ. ಕೋರ್ಸ್ ಬಿಡುವ ಮೊದಲು ಇಬ್ಬರನ್ನೂ ಕೇಳಿ.

ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅನುಮತಿ 12 ತಿಂಗಳು. ವಿಜ್ಞಾನ ತಂತ್ರಜ್ಞಾನದ ಪಟ್ಟಿಯಲ್ಲಿರುವ ಕೋರ್ಸಿಗೆ ಮಾತ್ರ ಇನ್ನೂ 24 ತಿಂಗಳು. ಅಂತಾರಾಷ್ಟ್ರೀಯ ನೀತಿ ಎಂಬ ಒಂದೇ ಹೆಸರಿನ ಎರಡು ಎಂಎಗಳಲ್ಲಿ ಒಂದು ಆ ಪಟ್ಟಿಯಲ್ಲಿ ಇರಬಹುದು, ಇನ್ನೊಂದು ಇಲ್ಲದಿರಬಹುದು. ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಕಾಗದದಲ್ಲಿ ಸಿಐಪಿ ಕೋಡ್ ಎಂದು ಕೋರ್ಸಿನ ವರ್ಗ ಹೇಳುವ ಒಂದು ಸಂಖ್ಯೆ ಇರುತ್ತದೆ, ಅದನ್ನು ನೋಡಿ. ಓದುವಾಗಲೇ ಮಾಡುವ ಇಂಟರ್ನ್‌ಶಿಪ್‌ಗೆ ಸಿಪಿಟಿ ಎಂಬ ಬೇರೆ ಅನುಮತಿ ಬೇಕು. ಅದನ್ನು ಪೂರ್ಣಾವಧಿಯಾಗಿ 12 ತಿಂಗಳು ಬಳಸಿದರೆ ಒಪಿಟಿ ಹೋಗುತ್ತದೆ. ಸಾಲ ಮಾಡಿ ಹೋಗುವವರು ಈ ಪ್ಯಾರಾವನ್ನು ಎರಡು ಸಲ ಓದಿ.

ಒಂದು ಸಿಹಿ ಸುದ್ದಿ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಫ್ಲೆಚರ್ ಶಾಲೆಯಂಥ ಕಡೆ ಡಿಗ್ರಿ ಪಡೆಯಲು ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆಯಲ್ಲಿ ಹಿಡಿತ ಬೇಕು. ಸಪ್ತಭಾಷೆಗಳ ಊರಿನವರಿಗೆ ಇದೊಂದು ಕಷ್ಟವಾ? ಕನ್ನಡ ಅಥವಾ ಮಲಯಾಳಂ ಲೆಕ್ಕಕ್ಕೆ ಬರುತ್ತದಾ, ಪರೀಕ್ಷೆ ಹೇಗೆ ಎಂದು ಮೊದಲ ಟರ್ಮಿನಲ್ಲೇ ಬರೆದು ಕೇಳಿ.

ತಪ್ಪಾದರೆ

ಫಲಿತಾಂಶದಲ್ಲಿ ತಪ್ಪು, ಗೈಡ್ ಓದುತ್ತಲೇ ಇಲ್ಲ, ಹಾಜರಿ ತಪ್ಪಾಗಿ ನಮೂದಾಗಿದೆ, ಏನೇ ಇರಲಿ, ಮೊದಲು ಸಂಬಂಧಪಟ್ಟವರಿಗೆ, ಆಮೇಲೆ ಎಚ್‌ಒಡಿಗೆ ಲಿಖಿತವಾಗಿ ಕೊಡಿ. ಅಲ್ಲಿ ಆಗದಿದ್ದರೆ 2023ರ ಯುಜಿಸಿ ನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರುತ್ತದೆ. ದೂರು ಸಿಕ್ಕಿ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಹತ್ತಿರ ಹೋಗಬಹುದು. ನಾನು ಇದ್ಯಾವುದನ್ನೂ ಮಾಡಲಿಲ್ಲ. ಮಾಡಿದ್ದರೂ ಗೆಲ್ಲುತ್ತಿರಲಿಲ್ಲ, ನಿಯಮ ಅವರ ಕಡೆಗೇ ಇತ್ತು.

ಹಾಸ್ಟೆಲ್ ಬಿಡುವ ಮೊದಲು

ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ (ಗಳಿಸಿದ ಕ್ರೆಡಿಟ್ ದಾಖಲಾಗುವ ಆನ್‌ಲೈನ್ ವ್ಯವಸ್ಥೆ) ಖಾತೆ ತೆರೆದು ಎಲ್ಲ ಸೆಮಿಸ್ಟರಿನ ಕ್ರೆಡಿಟ್ ಬಂದಿದೆಯಾ ನೋಡಿ. ಬಾರದಿದ್ದರೆ ಕ್ಯಾಂಪಸ್ಸಿನಲ್ಲಿ ಇರುವಾಗಲೇ ಸರಿಮಾಡಿಸಿ, ಊರಿಂದ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಕೋರ್ಸಿನ ಗ್ರೇಡ್ ಪಟ್ಟಿ) ಒಂದಕ್ಕೆ ಬದಲು ಮೂರು ಪ್ರತಿ, ಮುಚ್ಚಿ ಸೀಲ್ ಹಾಕಿದ ಲಕೋಟೆಯಲ್ಲಿ ತೆಗೆದುಕೊಳ್ಳಿ. ಕೋರ್ಸುಗಳ ಸಿಲೆಬಸ್ ಪುಟಗಳಿಗೂ ವಿಭಾಗದ ಸೀಲ್ ಹಾಕಿಸಿ, ತತ್ಸಮಾನ ಪತ್ರಕ್ಕೆ ಅರ್ಜಿ ಹಾಕುವಾಗ ಅದನ್ನೇ ಕೇಳುತ್ತಾರೆ. ಕೊಲ್ಲಿಗೋ ಬೇರೆ ದೇಶಕ್ಕೋ ಹೋಗುವ ಯೋಚನೆ ಇದ್ದರೆ ಕೇರಳದಲ್ಲಿ ಸರ್ಟಿಫಿಕೇಟ್ ದೃಢೀಕರಣ ಮಾಡುವುದು ನೋರ್ಕಾ ರೂಟ್ಸ್ ಎಂಬ ಸರಕಾರಿ ಸಂಸ್ಥೆ. ಅದಕ್ಕೆ ಮೂಲ ಸರ್ಟಿಫಿಕೇಟ್ ಬೇಕು. ಕಾನ್ವೊಕೇಶನ್ ಯಾವಾಗ, ಮೂಲ ಡಿಗ್ರಿ ಕೈಗೆ ಯಾವಾಗ ಎಂದು ಪರೀಕ್ಷಾ ವಿಭಾಗದ ಕಿಟಕಿಯಲ್ಲಿ ಕೇಳಿ, ಹಾಳೆಯ ಕೊನೆಯ ಸಾಲಿನಲ್ಲಿ ಬರೆದುಕೊಳ್ಳಿ.